ಕಡತದ ಕಪ್ಪು ಮಡಿಕೆ

ತೀರ್ಥಹಳ್ಳಿ ಬಸ್ ನಿಲ್ದಾಣದ ಪೇಪರ್ ಅಂಗಡಿಯಲ್ಲಿ ವಾರಪತ್ರಿಕೆಗಳ ಪಕ್ಕಕ್ಕೆ ಈಗ ಇನ್ನೊಂದು ಸಾಲು ಬಂದಿದೆ. ಊರಿನ ಪುಸ್ತಕಗಳು. ಒಂದೊಂದು ಊರಿಗೆ ಒಂದೊಂದು. ನೂರು ಪುಟ, ನೂರಿಪ್ಪತ್ತು ಪುಟ, ಮುಖಪುಟದಲ್ಲಿ ದೇವಸ್ಥಾನವೋ ಕೆರೆಯೋ, ಹಿಂಬದಿಯಲ್ಲಿ ಬರೆದವರ ಪಾಸ್‌ಪೋರ್ಟ್ ಸೈಜಿನ ಫೋಟೋ. ಬರೆದವರು ನಿವೃತ್ತ ಮೇಷ್ಟ್ರು, ಪೋಸ್ಟ್ ಮಾಸ್ಟರು, ಬ್ಯಾಂಕು ಬಿಟ್ಟು ಬಂದವರು. ಒಬ್ಬರಂತೂ ದನದ ಡಾಕ್ಟರು. ನಾನು ಇವನ್ನು ಒಂದೂ ಬಿಡದೆ ಕೊಳ್ಳುತ್ತೇನೆ. ಸಾಗರಕ್ಕೆ ಹೋದರೆ ಅಲ್ಲಿಯದು, ಹೊಸನಗರದಲ್ಲಿ ಬಸ್ಸು ಹತ್ತು ನಿಮಿಷ ನಿಂತರೆ ಅಲ್ಲಿಯದು.

ಎಲ್ಲ ಪುಸ್ತಕಗಳೂ ಹೆಚ್ಚು ಕಡಿಮೆ ಒಂದೇ ಥರ ಶುರುವಾಗುತ್ತವೆ. ಮೊದಲು ಒಬ್ಬ ಋಷಿ ಬಂದು ತಪಸ್ಸು ಮಾಡುತ್ತಾನೆ. ಆಮೇಲೆ ಪಾಂಡವರು ಒಂದು ರಾತ್ರಿ ತಂಗುತ್ತಾರೆ. ಆಮೇಲೆ ನೇರವಾಗಿ ಕೆಳದಿ ಅರಸರು. ಪಾಂಡವರು ಹೋದ ಮೇಲೆ ಕೆಳದಿಯವರು ಬರುವ ತನಕ ಊರಿನಲ್ಲಿ ಯಾರೂ ಒಂದು ಹೊರೆ ಸೊಪ್ಪು ಕೂಡ ಕೊಯ್ದಂತಿಲ್ಲ. ಯಾರು ಕಟ್ಟಿದ್ದೆಂದು ಗೊತ್ತಿಲ್ಲದ ಬಾವಿ, ಕಟ್ಟೆ, ಮೆಟ್ಟಿಲು ಎಲ್ಲವನ್ನೂ ಕೆಳದಿಯವರ ತಲೆಗೆ ಕಟ್ಟಲಾಗುತ್ತದೆ. ಪಾಪ, ಅವರು ಯುದ್ಧ ಮಾಡಿದ್ದು ಯಾವಾಗಲೋ! ಆದರೆ ಎಂಬತ್ತನೇ ಪುಟ ದಾಟಿದ ಮೇಲೆ, ಬರೆದವರಿಗೆ ಸ್ವಲ್ಪ ಆಯಾಸವಾಗಿ ಎಚ್ಚರ ತಪ್ಪಿದಾಗ, ಒಂದು ಸಾಲು ತಾನಾಗಿ ಬಂದು ಕೂತಿರುತ್ತದೆ. ಊರಿಗೆ ಮೊದಲು ರೇಡಿಯೋ ತಂದವರ ಮನೆಯ ನಾಯಿ ಅದರ ಎದುರು ಬೊಗಳುತ್ತಿತ್ತು ಎಂದೋ, ಹೊಳೆ ದಾಟಿಸುತ್ತಿದ್ದವನಿಗೆ ಈಜು ಬರುತ್ತಿರಲಿಲ್ಲ ಎಂದೋ. ಆ ಒಂದು ಸಾಲಿಗಾಗಿ ನಾನು ಇಡೀ ಪುಸ್ತಕ ಕೊಳ್ಳುತ್ತೇನೆ.

ಕೊಳ್ಳುವವನಾಗಿ ಸುಖವಾಗಿದ್ದೆ. ಶಿವಮೊಗ್ಗದ ಒಬ್ಬ ಪ್ರಕಾಶಕರು ಫೋನು ಮಾಡಿ ಬರೆಯುವವನನ್ನಾಗಿ ಮಾಡಿದರು.

“ಮೂರು ತಾಲ್ಲೂಕಿನ ಕೆರೆಗಳು ಅಂತ ಒಂದು ಬುಕ್ಕು ಸಾರ್. ಸಾಗರ, ಹೊಸನಗರ, ತೀರ್ಥಹಳ್ಳಿ. ಜನರಲ್ ರೀಡರ್ಸ್‌ಗೆ. ಇನ್ನೂರು ಪುಟ, ನಲವತ್ತು ಫೋಟೋ. ಅಡಿಟಿಪ್ಪಣಿ ಬೇಡ. ಕಥೆ ಥರ ಇರ್ಲಿ.”

“ನನ್ನ ಕಥೆ ಓದಿದ್ದೀರಾ?” ಎಂದು ಕೇಳಿದೆ.

“ಅದಕ್ಕೇ ಹೇಳಿದ್ದು ಸಾರ್, ಬೇರೆಯವರ ಕಥೆ ಥರ ಇರ್ಲಿ.”

ಅವರದೇನೂ ತಪ್ಪಿಲ್ಲ. ಅಲ್ಲಿಯವರೆಗೆ ನಾನು ಬರೆದದ್ದೆಲ್ಲ ನಡುವಿನಲ್ಲಿ ಶುರುವಾಗಿ ಮೊದಲಿಗೆ ಬಂದು ನಿಲ್ಲುವ ಕಥೆಗಳು. ಅವನ್ನು ಕೊನೆಯ ತನಕ ಓದಿದವರೆಲ್ಲ ನನಗೆ ಮುಖಪರಿಚಯದವರೇ. ನೆನಪು ಎಂಬುದು ಜೋಡಿಸಿಟ್ಟ ಕಪಾಟಿನ ಹಾಗೆ ಕಂಡರೆ ಯಾರೋ ಬಂದು ಜೋಡಿಸಿದ್ದಾರೆ ಎಂದೇ ನನ್ನ ಅನುಮಾನ. ಆದರೂ ಒಪ್ಪಿಕೊಂಡೆ, ಆ ಎಂಬತ್ತನೇ ಪುಟದ ಸಾಲಿನ ಆಸೆಗೆ. ಒಂದು ವರ್ಷ ಸುತ್ತಿದೆ. ಮೇಗರವಳ್ಳಿಯಲ್ಲಿ ಒಂದು ಕೆರೆ ನೋಡಲು ಹೋಗಿ ಎರಡೂ ಕಾಲಿಗೆ ರಕ್ತ ಹೀರುವ ಇಂಬಳ ಹತ್ತಿಸಿಕೊಂಡೆ. ಅರಳಸುರಳಿಯ ಹತ್ತಿರ ಒಬ್ಬ ಹಿರಿಯರು, ಅಂದಾಜಿನಲ್ಲಿ ಉದ್ದ ಅಗಲ ಬರೆದರೆ ಕೆರೆಗೆ ಅವಮಾನ ಎಂದು, ಹಗ್ಗ ಹಿಡಿಸಿ ಮಧ್ಯಾಹ್ನವಿಡೀ ಅಳೆಸಿದರು. ಆ ಅಳತೆಯ ಚೀಟಿಯನ್ನು ಬಸ್ಸಿನಲ್ಲಿ ಕಳೆದುಕೊಂಡೆ. ಪುಸ್ತಕದಲ್ಲಿ ಅಂದಾಜೇ ಇದೆ. ಅವರು ಅದನ್ನು ಓದಿಲ್ಲ ಎಂದು ನಂಬಿದ್ದೇನೆ.

ಈಗ ಹೇಳಬೇಕಾದದ್ದು ಒಂದೇ ಕೆರೆಯ ವಿಷಯ. ಇಕ್ಕೇರಿಯಿಂದ ಮುಂದೆ ನನ್ನ ಸೋದರತ್ತೆಯ ಊರಿನದು. ಈ ಬರಹದಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲ. ಹಾಕಬೇಕಾದ ಹೆಸರು ಪುಸ್ತಕದಲ್ಲಿದೆ. ಅದು ಅಲ್ಲಿಗೆ ಹೋಗಿ ಸೇರಿದ್ದು ಹೇಗೆ ಎಂಬುದಷ್ಟೇ ಇಲ್ಲಿಯ ಮಾತು.

ಕೆರೆ ದೊಡ್ಡದಲ್ಲ. ಆದರೆ ಅದರ ತೂಬು ಚೆನ್ನಾಗಿದೆ. ತೂಬು ಎಂದರೆ ಕೆರೆಯ ನೀರು ಗದ್ದೆಗೆ ಹೋಗುವ ಬಾಯಿ. ಎರಡು ಕಲ್ಲುಕಂಬ, ಅವಕ್ಕೆ ಅಡ್ಡ ಒಂದು ಚಪ್ಪಡಿ, ಕೆಳಗೆ ನೀರಿನಡಿಯಲ್ಲಿ ತೂತು, ತೂತಿಗೆ ಮರದ ಮುಚ್ಚಳ. ಪ್ರತಿ ವರ್ಷ ನೀರು ಬಿಡುವ ದಿನ ಒಬ್ಬರು ಮುಳುಗಿ ಆ ಮುಚ್ಚಳ ತೆಗೆಯಬೇಕಿತ್ತು. ಊರಿನಲ್ಲಿ ಆ ಕೆಲಸ ಒಂದೇ ಮನೆಯದು. ಆ ಮನೆಗೆ ತೂಬಿನ ಮನೆ ಎಂದೇ ಹೆಸರು. ಅವರು ಹಿಂದೆ ನನ್ನ ಅತ್ತೆಯ ಮನೆಯ ಗೇಣಿದಾರರು. ಭೂಸುಧಾರಣೆಯ ನಂತರ ಅವರ ಗದ್ದೆ ಅವರದೇ. ಈಗ ಮನೆಯ ಹಿರಿಯರೆಂದರೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಹುಟ್ಟಿದ್ದೂ ಅದೇ ಮನೆ, ಗಂಡ ಬಂದದ್ದೂ ಅದೇ ಮನೆಗೆ. ಅವರನ್ನು ಇಲ್ಲಿ ತೂಬಿನ ಮನೆಯ ಅಮ್ಮ ಎನ್ನುತ್ತೇನೆ.

ನಾನು ಪುಸ್ತಕ ಬರೆಯುವ ಸುದ್ದಿ ತಿಳಿದದ್ದೇ ಅವರು ನನ್ನನ್ನು ಕೆರೆ ಏರಿಯ ಮೇಲೆ ಹಿಡಿದು ನಿಲ್ಲಿಸಿದರು.

“ಬುಕ್ಕಿನ ಭಟ್ರು ಬಂದ್ರಾ? ಇಲ್ಬನ್ನಿ. ಇದನ್ನ ಓದಿ.”

ಏರಿಯ ತುದಿಯಲ್ಲಿ ಹೊಸದಾಗಿ ನೆಟ್ಟ ಹಳದಿ ಬೋರ್ಡು. ಕೆಳದಿ ಅರಸರ ಕಾಲದ ಕೆರೆ, ಸ್ವಚ್ಛತೆ ಕಾಪಾಡಿ.

“ಓದಿದೆ.”

“ನಮ್ಮಜ್ಜನ ಹೆಸ್ರು ಎಲ್ಲೈತಿ?”

“ಇಲ್ಲ.”

“ಅರಸ್ರು ತೂಬಿನೊಳಗೆ ಇಳೀತಾರಾ? ಕೆಸರಲ್ಲಿ? ಕಿರೀಟ ಯಾರ ಕೈಲಿ ಕೊಟ್ಟು ಇಳಿದ್ರಂತೆ?”

ಅವರು ಅಜ್ಜ ಎಂದದ್ದು ಅಜ್ಜನನ್ನಲ್ಲ, ಅಜ್ಜನಿಗೂ ಎಷ್ಟೋ ತಲೆಮಾರು ಹಿಂದಿನವನನ್ನು. ಆ ತೂಬಿನ ಕಲ್ಲು ಕೂರಿಸಿದವನು ಅವನು ಎಂದು ಆ ಮನೆಯ ಮಾತು. ಆತನ ಹೆಸರನ್ನು ಮನೆಯಲ್ಲಿ ಒಂದು ತಲೆ ಬಿಟ್ಟು ಇನ್ನೊಂದು ತಲೆಗೆ ಇಡುತ್ತಾರೆ. ಮೊಮ್ಮಗಳು ಶಾಲೆಯಲ್ಲಿ ‘ನಮ್ಮೂರ ಕೆರೆ’ ಎಂಬ ಪ್ರಬಂಧ ಬರೆದಳಂತೆ. ಬೋರ್ಡಿನಲ್ಲಿದ್ದದ್ದನ್ನೇ ಬರೆದಳಂತೆ. ಹತ್ತಕ್ಕೆ ಹತ್ತು ಬಂತಂತೆ.

“ನಾನು ಹೇಳಿದ್ದು ಬರ್ದಿದ್ರೆ ಸೊನ್ನೆ ಬರ್ತಿತ್ತು ಅಂತಾಳೆ. ಹೌದೋ ಅಲ್ವೋ ನೀವೇ ಹೇಳಿ. ಅಚ್ಚಾಗಿದ್ದಕ್ಕೆ ಮಾತ್ರ ಮಾರ್ಕು. ನನ್ನ ಕಣ್ಣಿರೋದ್ರೊಳಗೆ ನಮ್ಮಜ್ಜನ ಹೆಸ್ರು ಅಚ್ಚಲ್ಲಿ ನೋಡ್ಬೇಕು. ನಿಮ್ಮ ಬುಕ್ಕಲ್ಲಿ ಮತ್ತೆ ಎಂಥದು ಬೇಕಾದ್ರೂ ಬರ್ಕಳಿ.”

“ಬರೀತೇನೆ. ಅತ್ತೆ ಮನೆ ಕಡತದಲ್ಲೇ ಇದೆಯಲ್ಲ,” ಎಂದೆ. ನನಗೆ ಯಾವ ಸಂಶಯವೂ ಇರಲಿಲ್ಲ.

ಕಡತ ನೋಡದವರಿಗೆ: ಅದು ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಬೀಸಣಿಗೆಯ ಹಾಗೆ ಮಡಿಚಿಟ್ಟದ್ದು. ಕಪ್ಪು ಮೈಯ ಮೇಲೆ ಬಳಪದಲ್ಲಿ ಬೆಳ್ಳಗೆ ಬರೆಯುತ್ತಿದ್ದರು. ಅತ್ತೆಯ ಮನೆಯಲ್ಲಿ ಒಂದಿದೆ. ಹೂಳೆತ್ತಿದ ವರ್ಷಗಳು, ಯಾರು ಎಷ್ಟು ದಿನ ಬಂದರು, ಯಾವ ಕಡೆಯ ಏರಿ ಒಡೆಯಿತು, ಇಂಥವು. ವರ್ಷಕ್ಕೊಮ್ಮೆ ನವರಾತ್ರಿಯ ಶಾರದಾ ಪೂಜೆಗೆ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬಂದು, ಮಕ್ಕಳ ಪಠ್ಯಪುಸ್ತಕಗಳ ಜೊತೆಗೆ ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತದೆ.

ನಾನು ಕಾಲೇಜಿನಲ್ಲಿದ್ದಾಗ ಒಂದು ನವರಾತ್ರಿಯಲ್ಲಿ ಅದನ್ನು ಬಿಚ್ಚಿ ಓದಿದ್ದರು. ನನಗದು ಚೆನ್ನಾಗಿ ನೆನಪಿತ್ತು. ಹಾಗಾಗಿ ಹೋಗಿ ನೋಡುವ ಮೊದಲೇ ಅಧ್ಯಾಯವನ್ನು ಬರೆದು ಪ್ರಕಾಶಕರಿಗೆ ಕಳಿಸಿದ್ದೆ. ಆ ಕರಡು ಹೀಗಿತ್ತು:

‘ಮಧ್ಯಾಹ್ನದ ಬಿಸಿಲು ಜಗುಲಿಯ ಸರಳುಗಳ ನೆರಳನ್ನು ಕಡತದ ಮೇಲೆ ಹಾಕಿತ್ತು. ಮಾವ ದಾರ ಕಟ್ಟಿದ ಕನ್ನಡಕವನ್ನು ಮೂಗಿಗೆ ಏರಿಸಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ತೂಬಿನ ಕಲ್ಲು ಕೂರಿಸಿದವನು ಇಂಥವನು ಎಂದು ಓದಿ, ತಲೆಯೆತ್ತಿ ನಮ್ಮನ್ನೆಲ್ಲ ನೋಡಿದರು.’

ಪ್ರಕಾಶಕರು ಓದಿ ಫೋನು ಮಾಡಿದರು. “ಇದು ಸಾರ್! ಆ ದಾರ ಕಟ್ಟಿದ ಕನ್ನಡಕ ಸೂಪರ್. ಆ ಸಾಲಿಂದು ಒಂದು ಕ್ಲೋಸಪ್ ಫೋಟೋ ಬೇಕೇಬೇಕು.”

ಬೇಸಿಗೆಯಲ್ಲಿ ಒಂದು ದಿನ ಕ್ಯಾಮೆರಾ ಹಿಡಿದು ಹೊರಟೆ. ಹಿಂದಿನ ವಾರ ಅತ್ತೆಗೆ ಫೋನು ಮಾಡಿ, ಕಡತದ ಫೋಟೋ ತೆಗೆಯಬೇಕು, ಕೆರೆಯ ವಿಷಯ ಇರುವ ಮಡಿಕೆಗಳನ್ನು ತೆಗೆದಿಡಿ ಎಂದು ಹೇಳಿದ್ದೆ. ತಪ್ಪು ಯಾರದೆಂದು ಈಗಲೂ ಯಾರಾದರೂ ಕೇಳಿದರೆ ಆ ಫೋನಿನದು ಎನ್ನುತ್ತೇನೆ.

ಅತ್ತೆಯ ಮನೆಯಲ್ಲಿ ಅಪ್ಪೆಮಿಡಿಯ ಕೆಲಸ ನಡೆದಿತ್ತು. ಅವರ ಸೊಸೆ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಜಗುಲಿಯ ತುಂಬ ಮಾವಿನ ಮಿಡಿ, ಸೊನೆಯ ವಾಸನೆ, ಡಬ್ಬಿಗಳ ಮೇಲೆ ಅಂಟಿಸುವ ಚೀಟಿಗಳ ಕಟ್ಟು. ಅತ್ತೆ ಮಿಡಿಗಳ ನಡುವೆ ಜಾಗ ಮಾಡಿ, ಮಣೆ ಹಾಕಿ, ಮಣೆಯ ಮೇಲೆ ಕೆಂಪು ರವಿಕೆ ಕಣ ಹಾಸಿ, ಅದರ ಮೇಲೆ ಕಡತ ಇಟ್ಟಿದ್ದರು.

“ಬಾ ಮಾಣಿ, ಕೂತ್ಕ. ಫೋಟೋಕ್ಕೆ ಎಲ್ಲಾ ರೆಡಿ ಮಾಡಿಟ್ಟಿದ್ದಿ,” ಎಂದರು ನಮ್ಮ ಮನೆಮಾತಿನಲ್ಲಿ.

ಕಡತ ತೆರೆದಿತ್ತು. ಎರಡು ಮಡಿಕೆ, ಕಾಡಿಗೆಯ ಹಾಗೆ ಕಪ್ಪಗೆ, ಹೊಳೆಯುತ್ತ. ಒಂದು ಅಕ್ಷರವೂ ಇಲ್ಲ.

“ಹೆಂಗಿದ್ದು? ಹೊಸ್ದರ ಹಂಗೆ ಆಯ್ದಲ್ದಾ?” ಎಂದರು ಅತ್ತೆ. ಮುಖದಲ್ಲಿ ಮಗುವಿಗೆ ತಲೆ ಬಾಚಿ ನಿಲ್ಲಿಸಿದವರ ಹಿಗ್ಗು. “ಧೂಳು ಹಿಡ್ದು, ಬೂದಿ ಬೂದಿಯಾಗಿ, ನೋಡಕ್ಕೆ ಆಗ್ತಿತ್ತಿಲ್ಲೆ. ಬುಕ್ಕಲ್ಲಿ ಬಂದ್ರೆ ಊರವೆಲ್ಲ ನೋಡ್ತ, ಎಂಗ್ಳ ಮನೆ ಕಡತ ಹಿಂಗಿದ್ದು ಹೇಳಿ ನಗ್ಯಾಡ್ತ. ಅದ್ಕೆ ನೀ ಹೇಳಿದ ಎರಡು ಮಡಿಕೆಗೆ ಮಾತ್ರ ಆನೇ ಕಪ್ಪು ಬಳ್ದಿದ್ದಿ. ಹುಣಸೆಬೀಜ ಹುರ್ದು, ನೆನಸಿ, ಕಡ್ದು, ಇದ್ಲು ಹಾಕಿ. ನನ್ನ ಅತ್ತೆ ಮಾಡ್ತಿದ್ದ ಹಂಗೇ.”

ಅತ್ತೆಯ ಅತ್ತೆ ಹಾಗೆ ಮಾಡುತ್ತಿದ್ದುದು ನಿಜ. ಬರೆದು ಮುಗಿದ, ಬೇಡವಾದ ಮಡಿಕೆಗಳಿಗೆ ಮತ್ತೆ ಕಪ್ಪು ಬಳಿದು ಮಕ್ಕಳಿಗೆ ಅಕ್ಷರ ತಿದ್ದಲು ಕೊಡುತ್ತಿದ್ದರಂತೆ. ನನ್ನ ಅತ್ತೆ ನೋಡಿದ್ದು ಬಳಿಯುವುದನ್ನು ಮಾತ್ರ. ಯಾಕೆ ಎಂದು ಸೊಸೆಯರು ಕೇಳುವ ಕಾಲವಲ್ಲ ಅದು.

“ಅಕ್ಷರ?” ಎಂದೆ.

“ಅಕ್ಷರ ಎಲ್ಲಿಗೆ ಹೋಗ್ತು? ಒಳಗೇ ಇರ್ತು. ಒಣಗಿದ ಮೇಲೆ ಎದ್ದು ಬತ್ತು.” ಅವರು ಬಗ್ಗಿ ನೋಡಿದರು. “ನಾಕು ದಿನ ಆತು. ಇನ್ನೂ ಪೂರಾ ಒಣಗಿದ್ದಿಲ್ಲೆ ಕಾಣ್ತು.”

ನಾನು ಕ್ಯಾಮೆರಾ ತೆಗೆದೆ. ಏನು ಮಾಡಬೇಕೆಂದು ತಿಳಿಯದೆ ತೆಗೆದದ್ದು. ಬೆಳಕಿಗೆ ಹಿಡಿದೆ, ಓರೆ ಮಾಡಿದೆ, ಅಂಗಳದ ಬಿಸಿಲಿಗೆ ಒಯ್ದೆ. ಕಪ್ಪಿನಲ್ಲಿ ನನ್ನ ಮುಖದ ಮಸಕು ನೆರಳು ಕಂಡಿತು, ಬೇರೇನಿಲ್ಲ. ಎರಡು ಮೂರು ಫೋಟೋ ಹೊಡೆದೆ.

“ಎಂತಾತು?”

“ಎಂತೂ ಇಲ್ಲೆ ಅತ್ತೆ. ಚೆಂದ ಬಂದಿದ್ದು.”

“ಸುಳ್ಳು ಹೇಳಡ. ನಿನ್ನ ಮುಖ ನೋಡಿರೆ ಗೊತ್ತಾಗ್ತು.” ಅವರು ಕಡತವನ್ನು ನನ್ನ ಕೈಯಿಂದ ತೆಗೆದುಕೊಂಡು ಬೆರಳಿನಿಂದ ಮೆಲ್ಲಗೆ ಸವರಿದರು. ಬೆರಳು ಕಪ್ಪಾಯಿತು. ಆಗ ಅವರಿಗೆ ಅರ್ಥವಾಯಿತು. “ಅಯ್ಯೋ ಮಾಣಿ. ಆನು ಅಳಿಸಿ ಹಾಕಿದ್ನಾ?”

ಸೊಸೆ ಮಿಡಿ ಹೆಕ್ಕುವುದನ್ನು ನಿಲ್ಲಿಸಿದಳು. ನಾನು ಬೇಗ ಬೇಗ ಹೇಳಿದೆ: ಪರವಾಗಿಲ್ಲ, ಅದರಲ್ಲಿದ್ದದ್ದು ನನಗೆ ನೆನಪಿದೆ, ಮಾವ ಓದಿದ್ದು ಕಿವಿಯಲ್ಲಿದೆ, ದಾರ ಕಟ್ಟಿದ ಕನ್ನಡಕ ಹಾಕಿಕೊಂಡು ಇಲ್ಲೇ ಸರಳಿನ ಹತ್ತಿರ ಕೂತಿದ್ದರಲ್ಲ, ಆ ಹೆಸರನ್ನು ಓದಿ ತಲೆಯೆತ್ತಿದ್ದರಲ್ಲ.

ಅತ್ತೆ ಸೆರಗಿನಿಂದ ಕಣ್ಣು ಒರೆಸಲು ಹೋಗಿ ಕೆನ್ನೆಗೆ ಕಪ್ಪು ಹಚ್ಚಿಕೊಂಡಿದ್ದರು. ಹಾಗೆಯೇ ನನ್ನನ್ನು ನೋಡಿದರು.

“ಯಾವಾಗ?”

“ಆ ನವರಾತ್ರಿಯಲ್ಲಿ. ನಾ ಕಾಲೇಜಿಂದ ಬಂದಿದ್ನಲ.”

“ಆ ವರ್ಷ ನಿನ್ನ ಮಾವ ಓದಿದ್ದೇ ಇಲ್ಲೆ. ಕಣ್ಣು ಬಂದಿತ್ತು. ಬಟ್ಟೆ ಕಟ್ಟಿ ಒಳಗೆ ಮಲಗ್ಸಿದ್ದಿ. ಮತ್ತೆ ಕನ್ನಡಕ ಎಲ್ಲಿತ್ತು ಅವಕ್ಕೆ? ಕಡೆ ತನಕ ಸೂಜಿಗೆ ದಾರ ಪೋಣಿಸಿ ಕೊಡ್ತಿದ್ದ. ಓದಿದ್ದು ನೀನೇ.”

ನಾನೇ?

ಇಂಥ ಹೊತ್ತಿನಲ್ಲಿ ಮನಸ್ಸು ಏನು ಮಾಡುತ್ತದೆಂದರೆ, ಕೂಡಲೇ ಹೊಸ ಚಿತ್ರ ತಯಾರು ಮಾಡಿಕೊಡುತ್ತದೆ. ಅದೇ ಜಗುಲಿ, ಅದೇ ಸರಳಿನ ನೆರಳು, ಮಾವನ ಜಾಗದಲ್ಲಿ ಬೆಲ್‌ಬಾಟಮ್ ಪ್ಯಾಂಟಿನ ನಾನು. ಅರ್ಧ ನಿಮಿಷದಲ್ಲಿ ಅದೂ ನೆನಪೇ ಎನ್ನಿಸತೊಡಗಿತು. ಪ್ಯಾಂಟನ್ನು ಮಾತ್ರ ಅಲ್ಲೇ ಹಿಡಿದೆ: ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಬೆಲ್‌ಬಾಟಮ್ ಹೋಗಿ ಕಾಲವಾಗಿತ್ತು. ಇಷ್ಟು ವರ್ಷ ಈ ವಿದ್ಯೆಯನ್ನು ಕಥೆಗಳಲ್ಲಿ ಬಳಸಿ ಜಾಣ ಎನಿಸಿಕೊಂಡವನು ನಾನು. ಈಗ ಒಂದು ಮನೆಯವರ ಅಜ್ಜ ಅದರ ಮೇಲೆ ನಿಂತಿದ್ದ. ಆ ದಾರ ಕಟ್ಟಿದ ಕನ್ನಡಕ ಯಾರದೆಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಅಷ್ಟರಲ್ಲಿ ಅಂಗಳದಿಂದ ಕೂಗು ಕೇಳಿತು.

“ಪಟ ತೆಗ್ದಾಯ್ತಾ ಬುಕ್ಕಿನ ಭಟ್ರೇ? ನಮ್ಮಜ್ಜ ಸಮಾ ಕೂತಿದಾನಾ?”

ತೂಬಿನ ಮನೆಯ ಅಮ್ಮ. ಒಗೆದ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದಿದ್ದರು. ಪಟ ತೆಗೆಯುವುದು ಅವರದನ್ನಲ್ಲ ಎಂದು ಗೊತ್ತಿದ್ದೂ. ಜಗುಲಿ ಹತ್ತಿ ಕುರ್ಚಿಯಲ್ಲಿ ಕೂತರು. ಅತ್ತೆ ಅವರ ಜೊತೆ ಮಾತಾಡುವಾಗ ಮನೆಮಾತು ಬಿಟ್ಟು ಊರಮಾತಿಗೆ ಬರುತ್ತಾರೆ. ಆವತ್ತು ಎರಡೂ ಕಲಸಿಹೋಯಿತು.

“ನನ್ನಿಂದ ತಪ್ಪಾಯ್ತೇ ಮಾರಾಯ್ತಿ. ನಿಮ್ಮಜ್ಜನ್ನ ನಾನೇ ಅಳಿಸಿ ಹಾಕ್ದೆ,” ಎಂದರು, ಸುತ್ತು ಬಳಸು ಇಲ್ಲದೆ.

ತೂಬಿನ ಮನೆಯ ಅಮ್ಮ ಕಪ್ಪು ಮಡಿಕೆ ನೋಡಿದರು. ಅತ್ತೆಯ ಕೆನ್ನೆ ನೋಡಿದರು. “ಮೊದ್ಲು ಮುಖ ತೊಳ್ಕಳಿ ಅಮ್ಮ. ದೃಷ್ಟಿಬೊಟ್ಟು ಇಟ್ಟಂಗೆ ಆಗೈತಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ನಿಮ್ಗೆ ನೆನಪೈತಲ್ಲ?”

“ನಾನೇ ಓದಿದ್ದಂತೆ.”

“ಹೌದು ಮತ್ತೆ. ನೀವೇ ಓದಿದ್ದು. ನಾನೂ ಇದ್ನಲ್ಲ.”

ಆ ಮಾತು ನನಗೆ ಅತ್ತೆ ಹೇಳಿದ್ದಕ್ಕಿಂತ ಜೋರಾಗಿ ತಟ್ಟಿತು. ನನ್ನ ಕರಡಿನಲ್ಲಿ, ಅದಕ್ಕೂ ಹಿಂದೆ ಇಷ್ಟು ವರ್ಷದ ನನ್ನ ನೆನಪಿನಲ್ಲಿ, ಆ ಮಧ್ಯಾಹ್ನ ಅವರು ಎಲ್ಲೂ ಇರಲಿಲ್ಲ.

“ಎಲ್ಲಿದ್ರಿ?”

“ಎಲ್ಲಿ ಅಂದ್ರೆ? ಪೂಜೆಗೆ ಸೇವಂತಿಗೆ ತಂದಿದ್ದೆ. ಅಗೋ, ಅಲ್ಲಿ, ಅಂಗಳದಲ್ಲಿ ನಿಂತಿದ್ದೆ. ಆಗ ನಾವು ಇಲ್ಲಿ ಕುರ್ಚಿಲಿ ಕೂರ್ತಿದ್ವಾ?” ಅವರು ಹಾಗೆಂದದ್ದು ನೋಯಿಸಲಿಕ್ಕಲ್ಲ. ಹೇಳಿ ಕಾಲು ಚಾಚಿ ಆರಾಮಾಗಿ ಕೂತರು. “ನೀವು ಓದಿದ್ದು ಅಂದ್ರೆ ಎಂಥ ಓದು! ಹಳೇ ಮೋಡಿ ಅಕ್ಷರ, ಒಂದಕ್ಕೊಂದು ಗಂಟು. ‘ತೂಬಿನ ಕಲ್ಲು ಕೂರಿಸಿದವನು’ ಅಂದ್ರಿ, ನಿಂತ್ರಿ. ಮತ್ತೆ ‘ಕೂರಿಸಿದವನು’ ಅಂದ್ರಿ. ಮೂರು ಸಲ ಕೂರಿಸಿದ್ರಿ. ಹೆಸ್ರು ಬರ್ಲೇ ಇಲ್ಲ. ನಂಗೆ ತಡೀಲಿಲ್ಲ, ಅಂಗಳದಿಂದ್ಲೇ ಕೂಗಿ ಹೇಳ್ದೆ, ಹೆಸ್ರು ಇಂಥದು ಅಂತ. ನೀವು ‘ಹಾಂ, ಅದೇ’ ಅಂದ್ರಿ.”

ಅತ್ತೆ ಹೌದೆಂದು ತಲೆಯಾಡಿಸಿದರು.

“ಅದೇ ಅಂದದ್ದು ಅಕ್ಷರ ನೋಡಿಯಾ, ನಿಮ್ಮ ಮಾತು ಕೇಳಿಯಾ?” ಎಂದು ಕೇಳಿದೆ.

“ಅದು ನಿಮ್ಗೆ ಗೊತ್ತಿರ್ಬೇಕು. ಕಣ್ಣು ನಿಮ್ದು.”

ನನಗೆ ಗೊತ್ತಿರಲಿಲ್ಲ. ಅವರಿಗೆ ಲೆಕ್ಕ ಹತ್ತಿತು.

“ಇದನ್ನ ನಾನು ಹೇಳ್ದೇ ಇದ್ದಿದ್ರೆ ಬುಕ್ಕಲ್ಲಿ ಬರ್ತಿತ್ತು ಅಲ್ವಾ? ಕಡತದಲ್ಲಿ ಐತಿ ಅಂತ?”

“ಬರ್ತಿತ್ತು.”

“ಥೋ,” ಎಂದು ಹಣೆಗೆ ಕೈ ಹೊಡೆದುಕೊಂಡರು. “ಅಂಗಳದಲ್ಲಿ ನಿಂತಾಗ್ಲೂ ಬಾಯಿ ಸುಮ್ನಿರ್ಲಿಲ್ಲ, ಕುರ್ಚಿಲಿ ಕೂತಾಗ್ಲೂ ಸುಮ್ನಿರ್ಲಿಲ್ಲ.”

ನಕ್ಕರು. ಆದರೆ ತಲೆಯ ಹೂವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಅದು ನನಗೆ ಖಂಡಿತ ನೆನಪಿದೆ. ಖಂಡಿತ ಎಂದು ಬರೆಯುವಾಗಲೂ ಕೈ ಒಂದು ಕ್ಷಣ ತಡೆಯುತ್ತದೆ.

ಅತ್ತೆ ಎದ್ದು ಒಳಗೆ ಹೋದರು. ಮುಖ ತೊಳೆಯಲು ಎಂದುಕೊಂಡೆ. ತಿರುಗಿ ಬಂದಾಗ ಕೆನ್ನೆಯ ಕಪ್ಪು ಹಾಗೇ ಇತ್ತು, ಕೈಯಲ್ಲಿ ಒಂದು ಬಳಪದ ಕಡ್ಡಿ ಇತ್ತು. ಪೆಟ್ಟಿಗೆಯಲ್ಲೇ ಇದ್ದದ್ದು.

“ತಗ. ಬರಿ. ಬರೆಯಲೇ ಅಲ್ದಾ ಕಪ್ಪು ಬಳಿಯದು? ಅದೇ ಜಾಗದಲ್ಲಿ, ಅದೇ ಸಾಲು. ಬರ್ದು ಫೋಟೋ ಹೊಡಿ. ಇದ್ದಿದ್ದನ್ನೇ ಬರ್ದ್ರೆ ಸುಳ್ಳೆಂತ ಆಗ್ತು?”

ಸೊಸೆ ಬಾಯಿಗೆ ಕೈ ಹಿಡಿದು ನಗು ತಡೆದಳು. ನಾನು ಬಳಪ ತೆಗೆದುಕೊಂಡೆ. ಮುಚ್ಚಿಡುವುದೇಕೆ, ಆ ಹೊತ್ತಿಗೆ ನನಗೆ ಬರೆಯಬೇಕೆನ್ನಿಸಿತ್ತು. ಹಳೆಯ ಮೋಡಿಯನ್ನು ಹೋಲುವ ನಾಲ್ಕು ಗಂಟು ಹಾಕುವುದು ನನಗೆ ಕಷ್ಟವಲ್ಲ. ಅತ್ತೆಯ ಮನಸ್ಸು ಹಗುರಾಗುತ್ತಿತ್ತು. ತೂಬಿನ ಮನೆಯ ಅಮ್ಮ ಬಯಸಿದ್ದು ಅಚ್ಚಾಗುತ್ತಿತ್ತು. ಪ್ರಕಾಶಕರಿಗೆ ಕ್ಲೋಸಪ್ ಸಿಗುತ್ತಿತ್ತು. ಎಲ್ಲರಿಗೂ ಒಳ್ಳೆಯದೇ ಆಗುವ ಸುಳ್ಳು ಅಷ್ಟು ಸುಲಭದಲ್ಲಿ ಕೈಗೆ ಸಿಗುವುದಿಲ್ಲ.

ತಡೆದವರು ತೂಬಿನ ಮನೆಯ ಅಮ್ಮ.

“ಬ್ಯಾಡ,” ಎಂದರು. “ಈಗ ಬರ್ದು ಪಟ ತೆಗ್ದ್ರೆ ನಾಳೆ ಅದು ಹಳೇದೇ ಆಗುತ್ತೆ. ಆ ಬೋರ್ಡಿಗೂ ಇದಕ್ಕೂ ಎಂಥ ವ್ಯತ್ಯಾಸ? ನಮ್ಮಜ್ಜ ಸುಳ್ಳು ಅಕ್ಷರದಲ್ಲಿ ಕೂರಾದು ಬ್ಯಾಡ. ಅವ್ನು ಕೂರಿಸಿದ ಕಲ್ಲು ಅಲ್ಲೇ ಐತಿ.”

“ಹಂಗಾದ್ರೆ ಬುಕ್ಕಲ್ಲಿ?” ಎಂದರು ಅತ್ತೆ.

“ಬರ್ದೇ ಹೋದ್ರೆ ಬ್ಯಾಡ ಬಿಡಿ. ಟೀ ಆದ್ರೂ ಕೊಡ್ತೀರಾ ಇಲ್ವಾ?”

ಟೀ ಕುಡಿಯುತ್ತ ನಾನು ಅವರನ್ನು ಕೇಳಿದೆ, ತೂಬಿಗೆ ಇಳಿಯುವುದು ಹೇಗೆ ಎಂದು. ಒಂದು ವರ್ಷ ಮೂರು ತಾಲ್ಲೂಕು ಸುತ್ತಿದವನು, ತೂಬಿನ ಉದ್ದಗಲ ಬರೆದುಕೊಂಡವನು, ಈ ಪ್ರಶ್ನೆ ಕೇಳಿರಲಿಲ್ಲ. ಅವರು ಹೇಳಿದರು. ಅಪ್ಪ ಇಳಿಯುತ್ತಿದ್ದ, ಆಮೇಲೆ ತಮ್ಮ. ತಮ್ಮ ಹೋದ ಮೇಲೆ ಗಂಡನಿಗೆ ನೀರೆಂದರೆ ಭಯ. “ನಾನೇ ಇಳಿದೆ. ಸೀರೆ ಎತ್ತಿ ಕಚ್ಚೆ ಹಾಕಿ. ಮೋಟ್ರು ಬರೋ ತನಕ ವರ್ಷಾ ವರ್ಷಾ ನಾನೇ. ಕೆಳಗೆ ಕಣ್ಣು ಬಿಟ್ರೆ ಎಂಥದೂ ಕಾಣಲ್ಲ, ಕೈಯಲ್ಲೇ ನೋಡ್ಬೇಕು. ಕಲ್ಲಿನ ಎಡಗಡೆ ಹೆಬ್ಬೆರಳು ಕೂರೋ ಅಷ್ಟು ಒಂದು ಗುಳಿ ಐತಿ. ಅಲ್ಲಿ ಬೆರಳು ಸಿಕ್ತು ಅಂದ್ರೆ ಮುಚ್ಚಳ ಸಿಕ್ತು ಅಂತ. ಅಪ್ಪ ಹೇಳಿಕೊಟ್ಟಿದ್ದು. ಅಪ್ಪಂಗೆ ಅವನಪ್ಪ.” ಹೆಬ್ಬೆರಳನ್ನು ಕುರ್ಚಿಯ ಕೈಗೆ ಒತ್ತಿ ತೋರಿಸಿದರು. ಬಲಗೈ ಹೆಬ್ಬೆರಳು.

ಎಂಬತ್ತನೇ ಪುಟದ ಸಾಲು.

ಆ ರಾತ್ರಿ ಬಸ್ಸಿಳಿದು ಮನೆಗೆ ಬಂದವನು ಮರುದಿನದಿಂದ ಅಧ್ಯಾಯವನ್ನು ಮೊದಲಿನಿಂದ ಬರೆದೆ. ಸರಳಿನ ನೆರಳು ಹೋಯಿತು, ಕನ್ನಡಕ ಹೋಯಿತು. ಕಡತವಿತ್ತು, ಒಂದು ಸಾಲಿತ್ತು ಎಂದು ನಾವು ಮೂವರೂ ಹೇಳುತ್ತೇವೆ, ಹೆಸರನ್ನು ಅಕ್ಷರದಲ್ಲಿ ಓದಿದೆನೋ ಕಿವಿಯಲ್ಲಿ ಕೇಳಿದೆನೋ ನನಗೆ ತಿಳಿಯದು ಎಂದು ಬರೆದೆ. ಆಮೇಲೆ ಆ ಹೆಸರನ್ನು ಬರೆದೆ, ಪೂರ್ತಿಯಾಗಿ, ತೂಬಿನ ಮನೆಯ ಮಾತು ಎಂದು. ಹೇಳಿದವರು ಇಂಥವರು ಎಂದು ಅವರ ಹೆಸರನ್ನೂ ಬರೆದೆ. ಆಮೇಲೆ ಹೆಬ್ಬೆರಳಿನ ಗುಳಿ. ‘ಈ ತೂಬಿಗೆ ಇಳಿದವರಲ್ಲಿ ನಾವು ಯಾವ ಸಂಶಯವೂ ಇಲ್ಲದೆ ಹೆಸರಿಸಬಹುದಾದವರು ಇವರು’ ಎಂಬ ಸಾಲನ್ನು ಅವರ ಹೆಸರಿನ ಮುಂದೆ ಹಾಕಿದೆ. ಕಡತ ಕಪ್ಪಾದದ್ದು ಹೇಗೆ ಎಂಬುದನ್ನು ಒಂದೇ ಮಾತಿನಲ್ಲಿ ಮುಗಿಸಿದೆ: ಕಡತವನ್ನು ಆ ಮನೆಯವರು ಇವತ್ತಿಗೂ ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ. ಅದು ಸುಳ್ಳಲ್ಲ.

ಪ್ರಕಾಶಕರು ಕನ್ನಡಕಕ್ಕಾಗಿ ಬಹಳ ದುಃಖಪಟ್ಟರು. “ಅದನ್ನಾದ್ರೂ ಉಳಿಸ್ಕಬಹುದಿತ್ತು ಸಾರ್. ಜನರಲ್ ರೀಡರ್ಸ್‌ಗೆ ಇಷ್ಟೊಂದು ‘ಗೊತ್ತಿಲ್ಲ’ ಇದ್ರೆ ಕಷ್ಟ ಆಗುತ್ತೆ.” ಫೋಟೋದ ವಿಷಯದಲ್ಲಿ ಇನ್ನೂ ಜಗ್ಗಾಡಿದರು. ಕಪ್ಪು ಮಡಿಕೆಯ ಫೋಟೋವನ್ನು ಅರ್ಧ ಪುಟಕ್ಕೆ ಹಾಕಲೇಬೇಕೆಂದು ಹಟ ಹಿಡಿದೆ. ಹಾಕಿದರು. ಪುಸ್ತಕ ಬಂದ ಮೊದಲ ತಿಂಗಳಲ್ಲಿ ಅಚ್ಚಿನ ದೋಷ ಎಂದು ಯಾರ್ಯಾರೋ ಪ್ರಕಾಶಕರಿಗೆ ಫೋನು ಮಾಡಿ ಬೇರೆ ಪ್ರತಿ ಕೇಳಿದರು. ಅವರು ಪ್ರತಿಯೊಬ್ಬರಿಗೂ ನನ್ನ ನಂಬರು ಕೊಟ್ಟರು.

ಪುಸ್ತಕವನ್ನು ನಾನೇ ಒಯ್ದುಕೊಟ್ಟೆ. ಮಳೆ ಕಳೆದು ನವರಾತ್ರಿಯ ಹೊತ್ತು. ತೂಬಿನ ಮನೆಯ ಅಮ್ಮ ಅತ್ತೆಯ ಜಗುಲಿಯಲ್ಲೇ ಕೂತು, ಪುಟ ಹುಡುಕಿಸಿಕೊಂಡು, ಕಣ್ಣಿನ ಹತ್ತಿರ ಹಿಡಿದು ಅಜ್ಜನ ಹೆಸರನ್ನು ಓದಿದರು. ಎರಡು ಸಲ. ಮೂರನೆಯ ಸಲ ಬೆರಳಿಟ್ಟು. ಕೆಳಗೆ ತಮ್ಮ ಹೆಸರು ಸಿಕ್ಕಿದಾಗ ಗಾಬರಿಯಾದರು.

“ಇದ್ಯಾಕೆ ಹಾಕಿದ್ರಿ? ಹಾಕಿ ಅಂತ ನಾನು ಹೇಳಿದ್ನಾ? ಅಜ್ಜನ ಕಾಲ ಬುಡದಲ್ಲಿ ನನ್ನನ್ನ ತಂದು ಕೂರ್ಸಿದೀರಲ್ಲ ಮಾರಾಯ್ರೇ!” ಎಂದವರು ಪುಸ್ತಕವನ್ನು ಮುಚ್ಚಲಿಲ್ಲ. “ಆ ಮೊಮ್ಮಗಳು ಬರ್ಲಿ ಮನೆಗೆ. ಎಷ್ಟು ಮಾರ್ಕು ಕೊಡ್ತಾಳೆ ಕೇಳ್ತೀನಿ.” ಆಮೇಲೆ ಕಪ್ಪು ಫೋಟೋದ ಮೇಲೆ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ, ಮಸಿ ಹತ್ತಿತೇನೋ ಎಂದು ಬೆರಳು ತಿರುಗಿಸಿ ನೋಡಿಕೊಂಡರು.

ಪೂಜೆಗೆ ಕಡತ ಹೊರಗೆ ಬಂದಿತ್ತು. ಕಪ್ಪು ಈಗ ಚೆನ್ನಾಗಿ ಒಣಗಿತ್ತು. ಅತ್ತೆ ಈ ಸಲ ಅದನ್ನು ಮುಟ್ಟಲೂ ಹೆದರಿ, ಕುಂಕುಮವನ್ನು ಪಕ್ಕದ ಮಣೆಗೆ ಹಚ್ಚಿದ್ದರು.

“ಆ ಬಳಪ ಐತಾ ಅಮ್ಮ?” ಎಂದು ತೂಬಿನ ಮನೆಯ ಅಮ್ಮ ಕೇಳಿದರು.

“ಇದೆ. ಯಾಕೆ?”

“ಈಗ ಬರ್ಸಿ. ಖಾಲಿ ಇದ್ದಿದ್ದು ಬುಕ್ಕಲ್ಲಿ ಅಚ್ಚಾಯ್ತಲ್ಲ. ಇನ್ನು ಬರೆದ್ರೆ ಯಾರೂ ಹಳೇದು ಅನ್ನಲ್ಲ.”

ಅತ್ತೆ ನನ್ನನ್ನು ನೋಡಿದರು, ನಾನು ಅತ್ತೆಯನ್ನು. ಅಚ್ಚಿನ ವಿಷಯದಲ್ಲಿ ಅವರು ನನಗಿಂತ ಮುಂದೆ ಹೋಗಿ ಯೋಚನೆ ಮಾಡಿದ್ದರು. ಬಳಪ ತೆಗೆದುಕೊಂಡು ಕೆಳಗೆ ಕೂತೆ. ಅವರೂ ಕುರ್ಚಿ ಬಿಟ್ಟು ಪಕ್ಕದಲ್ಲಿ ಬಂದು ಕೂತರು. ಮೋಡಿಯಲ್ಲ, ಶಾಲೆಯ ಗುಂಡು ಅಕ್ಷರ. ಇವತ್ತಿನ ತಾರೀಖು. ತೂಬಿನ ಮನೆಯವರು ಹೇಳಿ ಬರೆಸಿದ್ದು. ತೂಬಿನ ಕಲ್ಲು ಕೂರಿಸಿದವನು.

ಬಟ್ಟೆಯ ಮೇಲೆ ಬಳಪದಲ್ಲಿ ಬರೆದು ನನಗೆ ಅಭ್ಯಾಸವಿಲ್ಲ. ಅಲ್ಲಿಗೆ ಬಂದು ಕಡ್ಡಿ ಜಾರಿತು, ನಿಲ್ಲಿಸಿದೆ.

“ಮತ್ತೆ ನಿಂತ್ರಾ?” ಎಂದು ಅವರು ಹೆಸರು ಹೇಳಿದರು.